ಕೈ ತಗದ್ಯಾ, ರಜನಿ?

ಅಲ್ರಿ, ಅದಕ ನಾ ಮತ್ತ ಹೇಳ್ತೇನಿ, ಪ್ರಸಾದ ಕಾಕಾ ಮರಗುಳಿ ಮನಷ್ಯಾ ಅಲ್ಲ. ಹೋದ ಸಲ ನಾ ಅರ್ಧಾ ಹೇಳೂದ್ರಾಗ ನೀವು ನಕ್ಕಬಿಟ್ರಿ. "ಹುಟ್ಟಾ ಕ್ರೈಸ್ತರು, ಅರವತ್ತಕ್ಕ ಬಂದಾರ, ಇನ್ನೂ ತಿಂಗಳಾ ತಿಂಗಳಾ ಯಾರನ್ನರ ಹಿಡದ ಕುಂದ್ರಿಸಿ ಯೇಸಪ್ಪ ಏನ ಮಾಡ್ಯಾನ ಹೇಳು ಅಂತಾರಂದ್ರ, ನೆನಪ ಹಾರೇತಿ ಬಿಡು" ಅಂದ್ರಿ. ನಿಮಗೇನೂ ಅನ್ನಂಗಿಲ್ಲ. ನಾನೂ ಮೊದ್ಲ ಹಂಗ ನಕ್ಕಾಕಿ. ನಿಮಗಿಂತ ಜೋರ ನಕ್ಕಾಕಿ. ಆ ನಗಿ ನನ್ನ ಎಲ್ಲಿಗಿ ತಂದ ನಿಲ್ಲಿಸ್ತು ಅನ್ನೂದ ಇವತ್ತ ಪೂರ್ತಿ ಹೇಳ್ತೇನಿ, ನಡಬರಕ ಬಾಯಿ ಹಾಕಬ್ಯಾಡ್ರಿ.

ನಾ ಸಪ್ತಾಪುರದಾಗ ಬಾಡಿಗಿ ರೂಮಿನ್ಯಾಗ ಇರ್ತೇನಿ, ನಾನು ಮತ್ತ ಫಿರದೋಸ. ಇಬ್ಬರದೂ ಬಿ.ಎಡ್. ನಮ್ಮ ಮನಿ ಇಲ್ಲೇ ಹುಬ್ಬಳ್ಳಿ, ದಿನಾ ಬಸ್ಸಿಗಿ ಹೋಗಿ ಬರಬಹುದಿತ್ತು. "ಓದಾಕ ಶಾಂತಿ ಬೇಕು" ಅಂತ ಅವ್ವಗ ಹೇಳಿ ರೂಮ್ ಮಾಡೇನಿ. ಖರೇ ಅಂದ್ರ ಎಂಟರ ತನಕಾ ಮಲಗಾಕ ಶಾಂತಿ ಬೇಕಾಗಿತ್ತು. ರೂಮಿನ ಹಿಂದಿನ ಓಣ್ಯಾಗ ಪ್ರಸಾದ ಕಾಕಾನ ಹಿಟ್ಟಿನ ಗಿರಣಿ ಐತಿ. ಮುಂಜಾನಿ ಏಳಕ್ಕ ಅದು ಗರ್ ಅಂತ ಶುರು ಆದ್ರ ನಮ್ಮ ಕಿಡಕಿ ಗಾಜು ನಡಗ್ತಾವ. ಶಾಂತಿ ಎಲ್ಲೆ ಬಂತು.

ಗಿರಣಿ ಶುರು ಆಗೂ ಮೊದ್ಲ ಒಂದ ಮಾತ ಕೇಳಸ್ತೈತಿ. ದಿನಾ. ಮೋಟಾರ್ ಬಂದ್ ಆಗಿ ಮತ್ತ ಶುರು ಆಗೂ ಪ್ರತಿ ಸಲ. ಸ್ವಿಚ್ಚು ಗ್ವಾಡಿ ಆಕಡೆ ಐತಿ, ಗಿರಣಿ ತಿರಗಸೂ ಪಟ್ಟಾ ಗ್ವಾಡಿ ಈಕಡೆ. ಕಾಕಾ ಸ್ವಿಚ್ಚಿನ ಮ್ಯಾಲೆ ಕೈ ಇಟ್ಟ ಕೂಗ್ತಾರ:

"ಕೈ ತಗದ್ಯಾ, ರಜನಿ?"

ಈಕಡಿಂದ ರಜನಿ ಕಾಕು, ಅವರ ಹೆಂಡ್ತಿ, ಅಂತಾರ: "ತಗದೇನ್ರಿ, ಶುರು ಮಾಡ್ರೀ..."

ಆ "ರೀ" ಭಾಳ ಉದ್ದ ಇರ್ತೈತ್ರಿ. ಸಪ್ತಾಪುರದಿಂದ ಹೊಂಟ ರೇಲ್ವೆ ಸ್ಟೇಷನ್ ಮುಟ್ಟೂವಷ್ಟು. ಕಾಕು ಹತ್ತ ಫೂಟ ದೂರ ಚಾ ಕುಡಕೋತ ಕುಂತಿದ್ರೂ ಇದು ಆಗಾಕಬೇಕು. ಆ ಉತ್ತರ ಬರೂ ತನಕಾ ಸ್ವಿಚ್ ಒತ್ತಂಗಿಲ್ಲ. ಒಮ್ಮೆ ಕಾಕು ಕಾಯಿಪಲ್ಯಾ ತರಾಕ ಹೋಗಿದ್ರು, ಗಿರಾಕಿ ಎಲ್ಲಾ ಅರ್ಧಾ ತಾಸ ನಿಂತ್ರು. ಗುರುಸಿದ್ದಯ್ಯ ಮಾಸ್ತರು ಅಂತ ಒಬ್ರ ಅದಾರ, ಸಾಲಿ ಮಾಸ್ತರಕಿ ಮುಗಿಸಿ ಈಗ ಜ್ವಾಳದ ಡಬ್ಬಿ ಹೊತ್ಗೊಂಡ ತಿರಗಾಡ್ತಾರ. ಅವರು, "ಪ್ರಸಾದಪ್ಪಾ, ರಜನಿ ಬಾಯಾರು ಮಾರ್ಕೆಟ್‌ನ್ಯಾಗ ಅದಾರ, ಅವರ ಕೈ ಬದನಿಕಾಯಿ ಮ್ಯಾಲೆ ಐತಿ, ಶುರು ಮಾಡಪಾ" ಅಂದ್ರು. ಊಹೂಂ. ಕಾಕಾ ಅಲುಗಾಡ್ಲಿಲ್ಲ.

ಈಗ ನನ್ನ ಬಗ್ಗೆ. ನನ್ನ ಹೆಸರು ಜೆಮಿಮಾ, ಕಾಕಾನ ನಾಲಿಗಿಗಿ ಅದು ಹೊಳ್ಳಂಗಿಲ್ಲ, ಜಮ್ಮವ್ವಾ ಅಂತಾರ. ನಾ ಸಂಡೇಸ್ಕೂಲ್ ಕ್ವಿಜ್‌ನ್ಯಾಗ ಮೂರ ವರ್ಷ ಸತತ ಫಸ್ಟ್ ಬಂದಾಕಿ. ಮೂರ ಸ್ಟೀಲ್ ತಾಟು ಗೆದ್ದೇನಿ. ಅವ್ವ ಬೀಗರು ಬಂದ್ರ ಅವುದ್ರಾಗ ಊಟಕ್ಕ ಹಾಕಿ, ತಾಟು ಹೊಳ್ಳಿಸಿ ಹಿಂದ ಕೆತ್ತಿದ ನನ್ನ ಹೆಸರು ತೋರಸ್ತಾಳ, ಸಾರು ಚೆಲ್ಲಿದ್ರೂ ಬಿಡಂಗಿಲ್ಲ. ಯೇಸಪ್ಪನ ಶಿಷ್ಯರ ಬಲಿಯಾಗ ಎಷ್ಟ ಮೀನ ಬಿದ್ದುವು? ನೂರಾ ಐವತ್ಮೂರು. ನೀವು ಪ್ರಶ್ನಿ ಮುಗಸೂದ್ರಾಗ ನಾ ಗಂಟಿ ಹೊಡದಿರ್ತೇನಿ. ನಮ್ಮ ಚರ್ಚಿನ್ಯಾಗ ಹಾಡೂ ಕ್ವಾಯರ್‌ದಾಗ ಮುಂದಿನ ಸಾಲು ನಂದು. ಪ್ರಸಂಗದಾಗ ಪಾದ್ರಿ ಅಯ್ಯನವರು "ಕ್ರಿಸ್ತನು ನಮಗೋಸ್ಕರ ಸತ್ತನು" ಅಂತ ಶುರು ಮಾಡಿದ್ರ, ಇದು ಹೊಸದಾಗಿ ಬಂದಾವ್ರಿಗಿ ಹೇಳಾಕತ್ತಾರ ಅಂತ ನಾ ನನ್ನ ಉಗುರು ನೋಡ್ಕೋತ ಕುಂದರಾಕಿ. ಎಂಟನೇ ವರ್ಷಕ್ಕ ಪಾಸಾದ ಪಾಠ ಅದು, ಮತ್ಯಾಕ ಓದೂದು?

ಮೊದಲನೇ ಸಲ ಗಿರಣಿಗಿ ಹೋದಾಗ ಐದ ಕಿಲೋ ಗೋದಿ ಇತ್ತು ಕೈಯಾಗ. ಶನಿವಾರ. ಮರುದಿನ ತಿಂಗಳ ಮೊದಲನೇ ಐತವಾರ, ಅಂದ್ರ ಚರ್ಚಿನ್ಯಾಗ ಕರ್ತನ ಭೋಜನದ ಆರಾಧನಿ, ಯೇಸಪ್ಪನ ಸಾವ ನೆನಸಿ ಮುಂದ ಎದ್ದ ಹೋಗಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳೂದು. ಕಾಕಾ ನನ್ನ ಮಾರಿ ನೋಡಿ, "ನೀ ನಮ್ಮ ಚರ್ಚಿನ ಹುಡಿಗಿ ಅಲ್ಲೇನ? ಹಾಡಾಕ ನಿಂದರ್ತಿ, ಮುಂದ" ಅಂದ್ರು. ನಾ ಹಿಗ್ಗಿದ್ನಿ. "ಹಂಗಾರ ಕುಂದರು. ನಾಳಿಗಿ ಭೋಜನ ಐತಿ. ಯೇಸಪ್ಪ ಏನ ಮಾಡ್ಯಾನ, ಒಮ್ಮೆ ಹೇಳು ಕೇಳೂಣು."

ಪರೀಕ್ಷಾ ಮಾಡಾಕತ್ತಾರ ಅನ್ಕೊಂಡ್ನಿ. ಪರೀಕ್ಷಾ ಅಂದ್ರ ನನಗ ಬಿರಿಯಾನಿ ಇದ್ದಂಗ. ಜ್ವಾಳದ ಚೀಲದ ಮ್ಯಾಲೆ ಕುಂತು ಶುರು ಮಾಡಿದ್ನಿ. ಹುಟ್ಟಿದ್ದು ಎಲ್ಲೆ, ಆಗ ರಾಜಾ ಯಾರಿದ್ದ, ಶಿಷ್ಯರ ಹೆಸರು ಹನ್ನೆರಡೂ ಒಂದ ಉಸರಿನ್ಯಾಗ, ಶಿಲುಬಿ ಮ್ಯಾಲೆ ಎಷ್ಟ ಮಾತ ಆಡಿದ, ಕತ್ತಲಿ ಎಷ್ಟ ತಾಸ ಇತ್ತು, ಸಮಾಧಿ ಯಾರದು, ಎಲ್ಲಾ. ಗಿರಾಕಿ ಸುದ್ದಾ ಕೇಳಾಕತ್ತಿದ್ರು. ಮುಗಿಸಿ, ಚಪ್ಪಾಳಿ ಬರ್ತಾವೇನ ಅಂತ ನೋಡಿದ್ನಿ.

ಕಾಕಾ ಮೀಸಿ ಮ್ಯಾಲಿನ ಹಿಟ್ಟು ಒರಿಸ್ಕೊಂಡು, "ಛಲೋ ಹೇಳಿದಿ ಜಮ್ಮವ್ವಾ. ಆದ್ರ ಅದರಾಗ ನಾ ಎಲ್ಲೂ ಬರಲಿಲ್ಲಲ್ಲ?" ಅಂದ್ರು.

"ನೀವು ಹೆಂಗ ಬರ್ತೀರಿ ಕಾಕಾ?" ಅಂದ್ನಿ. ಖರೇನ ತಿಳೀಲಿಲ್ಲ ನನಗ.

"ಹೋಗ್ಲಿ ಬಿಡು" ಅಂದು ಎದ್ರು. ಆಮ್ಯಾಲೆ ಚರ್ಚಿನ ಇನ್ನೊಬ್ಬ ಅಜ್ಜಾರು ರಾಗಿ ತಗೊಂಡ ಬಂದ್ರು, ಅವರನ್ನ ಕುಂದ್ರಿಸಿ ಹೇಳಿಸ್ಕೊಂಡ್ರು. ಅಜ್ಜಾರು ಎರಡ ನಿಮಿಷದಾಗ ಮುಗಿಸಿದ್ರು, ಶಿಷ್ಯರ ಹೆಸರು ಒಂದೂ ಬರಲಿಲ್ಲ ಅವರಿಗಿ. ಕಾಕಾ ಕಣ್ಣ ಮುಚ್ಚಿ ಕೇಳಿ, "ಆತ್ರಿ, ನಾಳಿಗಿ ಬರ್ತೇನ್ರಿ ಭೋಜನಕ್ಕ" ಅಂದ್ರು. ನನಗ ಎಷ್ಟ ಸಿಟ್ಟ ಬಂತ್ರಿ, ಮೂರ ತಾಟಿನ ಮಾಲಕಿ ನಾನು!

ವಿಷಯ ಏನಂತ ಕಾಕು ಹೇಳಿದ್ರು, ಇನ್ನೊಂದ ದಿನಾ, ಹಿಟ್ಟ ಜರಡಿ ಹಿಡಕೋತ. ಅವರ ಎಡಗೈಯಾಗ ಎರಡ ಬೆರಳ ಇಲ್ಲ. ಕಿರಬೆರಳು, ಅದರ ಬಾಜೂದು. ಹದಿನಾಲ್ಕ ವರ್ಷದ ಹಿಂದ ಗಂಡಾ ಹೆಂಡ್ತಿ ಜಗಳ ಆಡಿದ್ರಂತ. ಏನ ದೊಡ್ಡ ಜಗಳ ಅಲ್ಲ. ಅಮ್ಮಿನಬಾವ್ಯಾಗ ಕಾಕುನ ತಂಗಿಯ ಹೊಸಾ ಮನಿ ಪ್ರವೇಶ, ಹೋಗೂದೋ ಬ್ಯಾಡೋ ಅಂತ. ಕಾಕು ಪಟ್ಟಾಕ ಸಿಕ್ಕ ಸುತಳಿ ತಗ್ಯಾಕತ್ತಿದ್ರು, ಕಾಕಾ ಗ್ವಾಡಿ ಆಕಡೆ ಸಿಟ್ಟಿಲೆ ಸ್ವಿಚ್ ಒತ್ತಿದ್ರು. ಕೇಳಲಿಲ್ಲ, ನೋಡಲಿಲ್ಲ.

"ಆಟೋದಾಗ ದವಾಖಾನಿಗಿ ಹೋಗೂ ಮುಂದ ಇವ್ರು ಅಳೂದ ನೋಡಿ ನನಗ ನನ್ನ ಕೈ ನೋವ ಮರತಹೋತು" ಅಂದ್ರು ಕಾಕು. "ಅಳಬ್ಯಾಡ್ರಿ, ಮಾಫ ಮಾಡೇನಿ, ಮೊದ್ಲ ಯಾರಿಗರ ಫೋನ ಮಾಡ್ರಿ, ಜ್ವಾಳದ ಡಬ್ಬಿ ಹೊರಗ ಉಳದಾವ, ಆಕಳ ಬಂದ ತಿಂತೈತಿ ಅಂದ್ನಿ. ಅವತ್ತಿಂದ ಎಷ್ಟ ಸಲ ಮಾಫ ಮಾಡೇನೋ ಏನೋ. ಇವ್ರಿಗಿ ಮಾಫಿ ಅಂದ್ರ ರೊಟ್ಟಿ ಇದ್ದಂಗವಾ, ನಿನ್ನೆ ತಿಂದಿದ್ದು ಇವತ್ತಿಗಿ ಆಗಂಗಿಲ್ಲ."

ಕಾಕಾ ಆ ಬಾಜೂ ಕುಂತು ಗಿರಣಿ ಕಲ್ಲ ಬಿಚ್ಚಿ ಇಟ್ಕೊಂಡು ಉಳಿ ಸುತಗಿಲೆ ಕಟಿಯಾಕತ್ತಿದ್ರು. ಹದಿನೈದ ದಿನಕ್ಕೊಮ್ಮೆ ಕಟೀಬೇಕಾಗ್ತೈತಿ ಅದನ್ನ, ಸಣ್ಣ ಸಣ್ಣ ಗೀರು ಹಾಕಿ ಮತ್ತ ಒರಟ ಮಾಡಬೇಕು. ನಾ ಕೇಳಿದ್ನಿ, "ಕಾಕಾ, ನಿಮಗ ಗೊತ್ತೈತಲ್ರಿ, ಯೇಸಪ್ಪ ಮಾಫ ಮಾಡ್ಯಾನಂತ. ಮತ್ಯಾಕ ಕೇಳ್ತೀರಿ?"

"ಗೊತ್ತೈತಿ. ಆದ್ರ ನಾ ದಿನಾ ಮುಂಜಾನಿ ಸ್ವಿಚ್ ಮುಟ್ಟತೇನಲ್ಲ, ಆಗ ಒಳಗೊಂದ ದನಿ ಹೇಳ್ತೈತಿ, ಪ್ರಸಾದಾ ನೀ ಇಂಥಾವ ಅಂತ. ಅದು ತಿಂಗಳ ಪೂರ್ತಿ ಹೇಳ್ತೈತಿ, ಒಂದ ದಿನಾ ಸೂಟಿ ಇಲ್ಲದಂಗ. ಅದಕ ಉತ್ತರಾ ಕೊಡಾಕ ನನ್ನ ಬಾಯಿ ಸಾಲಂಗಿಲ್ಲವಾ. ಹೊರಗಿನಾವ್ರ ಬಾಯಿಂದ ಬರಬೇಕು. ನಾ ಹೇಳ್ಕೊಂಡ್ರ ಅದು ನನ್ನ ಮಾತ ಆಗ್ತೈತಿ, ನೀ ಹೇಳಿದ್ರ ಸುದ್ದಿ ಆಗ್ತೈತಿ."

"ಹೇಳಿಸ್ಕೊಳ್ಳದ ಭೋಜನಕ್ಕ ಬಂದ್ರ ಏನಾಕ್ಕೈತಿ?"

"ಕಾಲ ಏಳಂಗಿಲ್ಲ" ಅಂದ್ರು, ಇಷ್ಟ. ಆಮ್ಯಾಲೆ ಕಲ್ಲಿನ ಮ್ಯಾಲೆ ಅಂಗೈ ಆಡಿಸಿ, "ನೋಡು ಎಷ್ಟ ನುಣ್ಣಗಾಗೇತಿ. ಕಲ್ಲ ಏನ ಕೆಟ್ಟದ್ದಲ್ಲ. ಬೀಸಿ ಬೀಸಿನ ನುಣ್ಣಗಾಗ್ತೈತಿ. ನುಣ್ಣಗಾದ ಕಲ್ಲು ಹಿಟ್ಟ ಮಾಡಂಗಿಲ್ಲ, ಕಾಳ ಸುಡ್ತೈತಿ" ಅಂದ್ರು. ಅವರು ಕಲ್ಲಿನ ವಿಷಯನ ಹೇಳಿದ್ರು, ನನಗೇನೂ ಚುಚ್ಚಿ ಮಾತಾಡ್ಲಿಲ್ಲ. ಆದ್ರೂ ನಾ ನನ್ನ ಮೊಬೈಲ್ ತಗದ ನೋಡಾಕತ್ನಿ, ಸುಮ್ಕ.

ಅವತ್ತಿಂದ ನಾ ಕಾಕಾನ ಅಭಿಮಾನಿ. ಎಲ್ಲಾರ ಮುಂದೂ ಅವರ ಸುದ್ದಿ. ಆದ್ರ ನಮ್ಮಂಥಾವ್ರ ಅಭಿಮಾನ ಹೆಂಗ ಇರ್ತೈತಂದ್ರ, ಪ್ರೀತಿ ಮಾಡೋ ಮನಷ್ಯಾನ್ನ ನಕಲ ಮಾಡಿ ನಾಕ ಮಂದಿನ್ನ ನಗಿಸಿದ್ರನ ಸಮಾಧಾನ. ಚರ್ಚಿನ ಯುವಜನರ ಕೂಟದಾಗ ನಂದೊಂದು ಐಟಂ ಆತು. ಮೊದ್ಲ ಕಾಕಾನ ದನಿ, "ಕೈ ತಗದ್ಯಾ, ರಜನಿ?" ಆಮ್ಯಾಲೆ ಕಾಕುನ ದನಿ, "ತಗದೇನ್ರಿ, ಶುರು ಮಾಡ್ರೀ..." ಆ ರೀ ಎಳ್ಯಾಕ ನಾ ವಾರಗಟ್ಲೆ ಬಾತ್‌ರೂಮಿನ್ಯಾಗ ಪ್ರ್ಯಾಕ್ಟೀಸ್ ಮಾಡೇನಿ. ಬಿ.ಎಡ್. ಪಾಠಕ್ಕ ಅಷ್ಟ ಮಾಡಿದ್ರ ಈಗ ಗೋಲ್ಡ್ ಮೆಡಲ್ ಇರ್ತಿತ್ತು. ಹೊಟ್ಟಿ ಹಿಡ್ಕೊಂಡ ನಗ್ತಿದ್ರು ಹುಡುಗ್ರು. ಎರಡ ಬೆರಳಿನ ಸುದ್ದಿ ಗೊತ್ತಿದ್ದೂ ಮಾಡ್ತಿದ್ನಲ್ರಿ, ಅದನ್ನ ಈಗ ಹೇಳೂ ಮುಂದ ಕಿವಿ ಬಿಸಿ ಆಗ್ತಾವ.

ಆ ಶನಿವಾರ ಬಂತು. ಮತ್ತ ತಿಂಗಳ ಮೊದಲನೇ ಐತವಾರದ ಹಿಂದಿನ ದಿನಾನ. ಮಧ್ಯಾಹ್ನ ಕರೆಂಟ್ ಹೋಗಿ ಡಬ್ಬಿ ಸಾಲು ರಸ್ತೆಕ ಬಂದಿತ್ತು. ನಾನು ಫಿರದೋಸ ಗೋದಿ ತಗೊಂಡ ಹೋಗಿದ್ವಿ. ಕರೆಂಟ್ ಬಂತು. ಕಾಕಾ ಗ್ವಾಡಿ ಆಕಡೆ ಹೋದ್ರು. ನಾ ಫಿರದೋಸಗ ಮೊಣಕೈಲೆ ತಿವದು, "ಈಗ ನೋಡ" ಅಂದ್ನಿ.

"ಕೈ ತಗದ್ಯಾ, ರಜನಿ?"

ನಾ ಬಾಯಿ ತಗದ್ನಿ. "ತಗದೇನ್ರಿ, ಶುರು ಮಾಡ್ರೀ..."

ಅಗದೀ ಹಂಗ ಬಂತ್ರಿ. ಜೀವನದಾಗ ಅಷ್ಟ ಛಲೋ ಎಂದೂ ಬಂದಿರಲಿಲ್ಲ. ಫಿರದೋಸ ನಗಾಕ ಬಾಯಿ ತಗದಾಕಿ ಹಂಗ ನಿಂತ್ಲು, ಯಾಕಂದ್ರ ಆಕಿ ಕಣ್ಣು ಪಟ್ಟಾದ ಕಡೆ ಇತ್ತು. ಕಾಕು ಬಗ್ಗಿದ್ರು. ಪಟ್ಟಾದಾಗ ಚೀಲದ ದಾರ ಸಿಕ್ಕಿತ್ತು, ಅದನ್ನ ತಗ್ಯಾಕತ್ತಿದ್ರು. ಮೋಟಾರ್ ಗರ್ ಅಂತು. ಕಾಕು "ಅಯ್ಯ ನನ್ನವ್ವಾ!" ಅಂತ ಹಿಂದ ಜಿಗದ್ರು, ಸೀರಿ ಸೆರಗ ಪಟ್ಟಾಕ ಹೋತು, ಪರ್ ಅಂತ ಹರೀತು, ಕಾಕು ಡಬ್ಬಿ ಸಾಲಿನ ಮ್ಯಾಲೆ ಬಿದ್ರು. ಯಾರದೋ ಕಡ್ಲಿಬ್ಯಾಳಿ, ಯಾರದೋ ಜ್ವಾಳ, ಎಲ್ಲಾ ಓಣಿ ತುಂಬ. ಕಾಕಾ ಸ್ವಿಚ್ ಆರಿಸಿ ಓಡಿ ಬಂದ್ರು.

ಬಂದಾವ್ರು ಕಾಕುನ ಎರಡೂ ಕೈ ಹಿಡದು ಬೆರಳ ಎಣಸಾಕತ್ರು. ಬಾಯಿಲೆ ಎಣಸ್ತಾರ್ರಿ, ಸಣ್ಣ ಹುಡುಗ್ರಂಗ. ಕಾಕು, "ಎಂಟ ಅದಾವ್ರಿ, ಎಂಟ. ಮುಂಜಾನಿ ಎಷ್ಟಿದ್ದುವು ಅಷ್ಟ ಅದಾವ. ಮೊಣಕೈ ತರಚೇತಿ, ಅಷ್ಟ" ಅಂದ್ರು.

"ನೀ ಅಂದಿ... ತಗದೇನಿ ಅಂದಿ... ನಾ ಕೇಳಿದ್ನಿ..." ಅಂದ್ರು ಕಾಕಾ.

ಕಾಕು ಹರದ ಸೆರಗ ಹೆಗಲಿಗಿ ಎಳಕೊಂಡ್ರು. ಆಮ್ಯಾಲೆ, "ನಾನ ಅಂದಿರಬೇಕ್ರಿ. ಹದಿನಾಲ್ಕ ವರ್ಷದ ರೂಢಿ. ಬಾಯಿ ತಾನ ಅಂದಿರ್ತೈತಿ" ಅಂದ್ರು.

ಅವಾಗ ಹೇಳ್ಬೇಕಿತ್ತಲ್ರಿ? ಎಲ್ಲೆ ಇದ್ದಳು ಜೆಮಿಮಾ, ಪ್ರಶ್ನಿ ಮುಗಿಯೂದ್ರಾಗ ಗಂಟಿ ಹೊಡಿಯಾಕಿ? ಡಬ್ಬಿ ಅಲ್ಲೇ ಬಿಟ್ಟು, "ಕ್ಲಾಸ್ ಐತಿ" ಅಂದು ಓಡಿದ್ನಿ. ಶನಿವಾರ ಮಧ್ಯಾಹ್ನ, ಯಾವ ಕ್ಲಾಸು?

ಐತವಾರ ಚರ್ಚಿನ್ಯಾಗ ನಾ ಕ್ವಾಯರ್‌ದಿಂದ ನೋಡಾಕತ್ತಿದ್ನಿ. ಭೋಜನಕ್ಕ ಕರದ್ರು. ಸಾಲ ಸಾಲ ಮಂದಿ ಎದ್ದ ಮುಂದ ಬಂದ್ರು. ಕಾಕು ಎದ್ರು, ತರಚಿದ ಮೊಣಕೈಗಿ ಪಟ್ಟಿ ಕಟ್ಟಿತ್ತು. ಕಾಕಾ ಏಳಲಿಲ್ಲ. ಬೆಂಚಿನ ಮ್ಯಾಲೆ ತಲಿ ಕೆಳಗ ಹಾಕ್ಕೊಂಡ ಕುಂತಬಿಟ್ರು. ಕಾಲ ಏಳಂಗಿಲ್ಲ ಅಂದಿದ್ರಲ್ಲ, ಅದು ಹಂಗ ಕಾಣಸ್ತೈತಿ ಅಂತ ಅವತ್ತ ಗೊತ್ತಾತು. ನಂದೂ ಪಾಳಿ ಬಂತು. ನಾ ಅರ್ಧಾ ದಾರಿಗಿ ಹೋಗಿ ನಿಂತ್ನಿ, ಹಿಂದಿನ ಆಂಟಿ "ನಡಿಯವಾ, ನಿದ್ದಿ ಬಂತೇನ?" ಅಂತ ನೂಕಿದ್ರು. ನಾ ತಿರಗಿ ಬಂದ ಕುಂತ್ನಿ. ಹಾಡಂತೂ ಬಾಯಾಗ ಬರಲಿಲ್ಲ. ನನ್ನ ತಲ್ಯಾಗ ಎಷ್ಟ ವಚನ ಬಾಯಿಪಾಠ ಅದಾವ, ಒಂದೂ ನನ್ನ ಕಡೆ ತಿರಗಿ ನೋಡಲಿಲ್ರಿ. ಮೂರ ತಾಟು ಇದ್ದು, ಊಟ ಇಲ್ಲ.

ಸೋಮವಾರ ಗಿರಣಿ ತಗೀಲಿಲ್ಲ. ಮಂಗಳವಾರ ತಗೀಲಿಲ್ಲ. ನನ್ನ ಕಿಡಕಿ ಗಾಜು ನಡಗಲಿಲ್ಲ, ಎಂಟರ ತನಕಾ ಮಲಗಬಹುದಿತ್ತು, ಐದಕ್ಕನ ಎಚ್ಚರ ಆಗಿ ಕುಂದ್ರತಿದ್ನಿ. ಹಾಲ ತರಾಕ ಹೋದಾಗ ಗುರುಸಿದ್ದಯ್ಯ ಮಾಸ್ತರು ಮುಚ್ಚಿದ ಶಟರ್ ಮುಂದ ಡಬ್ಬಿ ಹಿಡದ ನಿಂತಿದ್ರು. "ಪ್ರಸಾದಪ್ಪ ಗಿರಣಿ ಮಾರತೇನಿ ಅನ್ನಾಕತ್ತಾನವಾ. ಸ್ವಿಚ್ಚಿಗಿ ಕೈ ಹೋಗವಲ್ದಂತ. ನಿಮ್ಮ ಚರ್ಚಿನಾವ್ರು ಯಾರರ ಹೋಗಿ ಆ ಯೇಸಪ್ಪನ ಮಾತ ಹೇಳ್ರಲಾ. ಕೇಳಿ ಕೇಳಿ ನನಗೂ ಬಾಯಿಪಾಠ ಆಗೇತಿ, ಆದ್ರ ನಾ ಹೇಳಿದ್ರ ನಡೀತೈತೋ ಇಲ್ಲೋ" ಅಂದ್ರು.

"ಸಾರ್, ನೂರ ಸಲ ಕೇಳ್ಯಾರಲ್ರಿ ಕಾಕಾ..." ಅಂದ್ನಿ, ಏನರ ಅನ್ನಬೇಕಂತ.

"ನಾ ನಿನ್ನೆ ಪೂಜಿ ಮಾಡೇನಿ ಅಂತ ಇವತ್ತ ಬಿಡ್ತೇನೇನ? ಏನ ಓದ್ತಿ ನೀ, ಬಿ.ಎಡ್.? ಛಲೋ ಆತ ಬಿಡು" ಅಂದು ಹೋದ್ರು.

ರೂಮಿಗಿ ಬಂದ್ರ ಫಿರದೋಸ ಒಳಗ ಚಾ ಕುದಸ್ಕೋತ, ತಿರಗಿ ಸುದ್ದಾ ನೋಡದ ಅಂದ್ಲು, "ನಾ ಮೂರ ದಿನಾ ಸುಮ್ಮನಿದ್ದೇನಿ. ಇವತ್ತ ಸಂಜಿ ಒಳಗ ನೀ ಹೇಳಲಿಲ್ಲಂದ್ರ ನಾ ಹೋಗಿ ಹೇಳಾಕಿ. ನಮ್ಮ ಡಬ್ಬಿನೂ ಅಲ್ಲೇ ಐತಿ, ಮೂರ ದಿನಾ ಆತು ಅನ್ನಾ ತಿಂದ ತಿಂದ ಸಾಕಾಗೇತಿ."

ಹೋದ್ನಿ. ಡಬ್ಬಿ ನೆವಾ ಮಾಡ್ಕೊಂಡು. ಶಟರ್ ಅರ್ಧಾ ಎತ್ತಿತ್ತು, ಒಳಗ ಟಕ್ ಟಕ್ ಸಪ್ಪಳ. ಕಾಕಾ ಕಲ್ಲ ಕಟಿಯಾಕತ್ತಿದ್ರು. ಮಾರೂ ಗಿರಣಿ ಕಲ್ಲ ಯಾರರ ಕಟಿತಾರೇನ್ರಿ? ಅವರಿಗಿ ಕೈಗೇನರ ಕೆಲಸಾ ಬೇಕಾಗಿತ್ತು. ಕಾಕು ಹರದ ಸೆರಗಿಗಿ ಟಾಕಿ ಹಾಕ್ಕೋತ ಕುಂತಿದ್ರು.

"ಕಾಕಾ, ಅವತ್ತ ಅಂದಾಕಿ ಕಾಕು ಅಲ್ಲ. ನಾನು. ನಕಲ ಮಾಡಿದ್ನಿ. ಫಿರದೋಸನ್ನ ನಗಸಾಕ." ಭಾರೀ ಭಾಷಣ ತಯಾರ ಮಾಡ್ಕೊಂಡ ಹೋಗಿದ್ನಿ, ಇಷ್ಟ ಬಂತು.

ಸುತಗಿ ನಿಂತು. ಕಾಕಾ ನನ್ನ ನೋಡಿದ್ರು. ಅವರಿಗಿ ಸಿಟ್ಟ ಬಂದಿದ್ದು ನಾ ಎಂದೂ ನೋಡಿರಲಿಲ್ಲ. "ನಾ ಮೂರ ದಿನಾ..." ಅಂದ್ರು, ಉಳಿ ಬೀಸಿ ಒಗದ್ರು, ಅದು ಮೂಲ್ಯಾಗ ಹೋಗಿ ಬಿತ್ತು. "ಆಕಿ ಕೈ ಹೋಗಿದ್ರ? ಹಾಂ? ಹೊರಗ ನಡಿ. ನಡೀ ಹೊರಗ."

ನಡದ್ನಿ. ಶಟರ್ ಕೆಳಗ ಬಗ್ಗೂ ಮುಂದ ತಲಿ ಡಬ್ ಅಂತ ಬಡೀತು. ನನ್ನಂಥಾಕಿಗಿ ದುಃಖಾನೂ ನೆಟ್ಟಗ ಮಾಡಾಕ ಬರಂಗಿಲ್ಲ. ಹಿಂದ ಕಾಕುನ ದನಿ ಕೇಳ್ತು, ಮೆತ್ತಗ: "ಹದಿನಾಲ್ಕ ವರ್ಷದ ಹಿಂದ ಆಟೋದಾಗ ನಾ ನಿಮ್ಮನ್ನ ಹೊರಗ ನಡೀರಿ ಅಂದಿದ್ನೇನ್ರಿ?"

ನಾ ಹೊರಗ ಕಟ್ಟಿ ಮ್ಯಾಲೆ ನಿಂತ ಬಿಟ್ಟಿದ್ನಿ, ಕಾಲ ಏಳವಲ್ವು. ಹೌದ್ರಿ, ನಂದೂ.

"ಜಮ್ಮವ್ವಾ" ಅಂದ್ರು ಕಾಕಾ ಒಳಗಿಂದ. "ಡಬ್ಬಿ ಬಿಟ್ಟ ಹೊಂಟಿ ನೋಡು. ಬಾ. ಕುಂದರು."

ಅದ ಜ್ವಾಳದ ಚೀಲದ ಮ್ಯಾಲೆ ಕುಂತ್ನಿ. ಕಾಕಾ ಎದರಿಗಿ ಕುಂತ್ರು. ಅವರ ಮಾರಿ ಇನ್ನೂ ಕೆಂಪಗ ಇತ್ತು, ಸಿಟ್ಟ ಪೂರ್ತಿ ಹೋಗಿರಲಿಲ್ಲ, ಸುಳ್ಳ ಯಾಕ ಹೇಳ್ಲಿ. ಆದ್ರೂ ಶುರು ಮಾಡಿದ್ರು.

"ಕೇಳು. ಜಮ್ಮವ್ವಾ, ನೀ ತಪ್ಪ ಮಾಡಿದಿ. ಸಣ್ಣದಲ್ಲ, ದೊಡ್ಡದ. ಅದನ್ನ ಯೇಸಪ್ಪ ನೋಡ್ಯಾನ. ನೋಡಿ ನನ್ನಂಗ ಹೊರಗ ಹಾಕಲಿಲ್ಲ ಅಂವಾ. ಜಮ್ಮವ್ವನ ತಪ್ಪ ನನ್ನ ಮ್ಯಾಲೆ ಇರ್ಲಿ ಅಂದ. ಅಂದು ಶಿಲುಬಿಗಿ ಹೋದ. ಸತ್ತ. ಮೂರನೇ ದಿನಾ ಎದ್ದ. ಈಗ ತಂದಿ ಮುಂದ ನಿಂತು ನಿನ್ನ ಹೆಸರ ಹಿಡದ ಮಾತಾಡಾಕತ್ತಾನ. ನೀ ಅತ್ತರೂ ಅಷ್ಟ, ಅಳದಿದ್ರೂ ಅಷ್ಟ. ಮುಗದೇತಿ ಅದು."

ಇದರಾಗ ಹೊಸಾದ ಏನರ ಐತೇನ್ರಿ? ಒಂದ ಮಾತೂ ಇಲ್ಲ. ನನ್ನ ಸಂಡೇಸ್ಕೂಲ್ ಹುಡುಗ್ರು ಇದನ್ನ ಹಿಂದಿನಿಂದ ಮುಂದ ಹೇಳ್ತಾರ, ನಾನ ಕಲಿಸೇನಿ. ಇಪ್ಪತ್ತೆರಡ ವರ್ಷ ಕೇಳಿದ್ದು ಅದು. ಆದ್ರ ಅವತ್ತ, ಆ ಹಿಟ್ಟಿನ ವಾಸನಿಯಾಗ, ಅದು ನನಗ ಬಂದ ಸುದ್ದಿ ಆಗಿತ್ತು. ನಾ ಹೆಂಗ ಅತ್ನಿ ಅಂದ್ರ, ಮಾರಿ ಮ್ಯಾಲೆ ಮೊದ್ಲ ಹಿಟ್ಟ ಹಾರಿತ್ತು, ಅದರ ಮ್ಯಾಲೆ ಕಣ್ಣೀರ ಬಿತ್ತು, ಒರಿಸ್ಕೊಂಡ್ನಿ, ಗಲ್ಲ ಎಲ್ಲಾ ಕಣಕ ಆಗಿತ್ತು. ಕಾಕು ನೋಡಿ, "ಲಟ್ಟಣಗಿ ತರ್ಲ್ಯಾ?" ಅಂದ್ರು. ಆಮ್ಯಾಲೆ, "ಅಲ್ಲ, ನನ್ನ ದನಿ ಖರೇ ಅಷ್ಟ ಕೆಟ್ಟ ಐತೇನ? ರೀ... ಅಂತ ಎಳೀತೇನೇನ ನಾ?"

"ಎಳೀತಿ" ಅಂದ್ರು ಕಾಕಾ. ಮೂರ ದಿನದ ಮ್ಯಾಲೆ ಅವರ ಮೀಸಿ ಒಂದಿಷ್ಟ ಅಲುಗಾಡ್ತು.

ಆಮ್ಯಾಲೆ ನನ್ನ ಕಡೆ ತಿರಗಿದ್ರು. "ಈಗ ನೀ ನನಗ ಹೇಳು."

"ಕಾಕಾ, ಈಗ ನೀವ ಹೇಳಿದ್ರಲ್ರಿ?"

"ಹೇಳಿದ್ದ ನಿನಗ. ನನಗ ಯಾರ ಹೇಳ್ಯಾರ?"

ಗಂಟಿ ಹೊಡಿಯಾಕ ಕೈ ಬರಲಿಲ್ಲ. ತಡವರಿಸಿ ತಡವರಿಸಿ ಹೇಳಿದ್ನಿ. ಶಿಷ್ಯರ ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. "ಪ್ರಸಾದ ಕಾಕಾ, ಹದಿನಾಲ್ಕ ವರ್ಷದ ಹಿಂದ ನೀವು ಸಿಟ್ಟಿಲೆ ಸ್ವಿಚ್ ಒತ್ತಿದ್ರಿ. ಅದನ್ನ ಯೇಸಪ್ಪ ತನ್ನ ಮ್ಯಾಲೆ ತಗೊಂಡಾನ. ನಿಮ್ಮ ಹೆಸರ ಹಿಡದು ಸತ್ತಾನ, ಎದ್ದಾನ. ಶನಿವಾರದ್ದು ನಿಮ್ಮದಲ್ಲ, ನಂದು, ಅದನ್ನೂ ತಗೊಂಡಾನ. ಒಳಗಿನ ದನಿ ಏನರ ಅನ್ಲಿ, ಮುಗದೇತಿ ಅದು." ಇಷ್ಟ. ಕಾಲು ನಿಮಿಷನೂ ಆಗಲಿಲ್ಲ. ಕ್ವಿಜ್‌ನ್ಯಾಗ ಇದಕ್ಕ ಅರ್ಧಾ ಮಾರ್ಕ್ಸೂ ಬರೂದಿಲ್ಲ.

ಕಾಕಾ ಕಣ್ಣ ಮುಚ್ಚಿ ಕೇಳಿದ್ರು. ಎದ್ದು ಮೂಲ್ಯಾಗಿನ ಉಳಿ ಹುಡುಕಿ ತಂದು, ಉಳಿದ ನಾಕ ಗೀರು ಹೊಡದು, ಕಲ್ಲ ಮ್ಯಾಲೆ ಕೂಡ್ರಿಸಿ ಬಿಗದ್ರು. ಶಟರ್ ಪೂರ್ತಿ ಎತ್ತಿದ್ರು. ನನ್ನ ಗೋದಿ ಗಿರಣಿ ಬಾಯಿಗಿ ಸುರುವಿದ್ರು. ಗ್ವಾಡಿ ಆಕಡೆ ಹೋದ್ರು.

"ಕೈ ತಗದ್ಯಾ, ರಜನಿ?"

ಕಾಕು ನನ್ನ ಕಡೆ ನೋಡಿ ತುಟಿ ಮ್ಯಾಲೆ ಬೆರಳಿಟ್ರು. ಹೇಳೂ ಗರಜೇನ ಇರಲಿಲ್ರಿ, ನಾ ಎರಡೂ ಕೈಲೆ ಬಾಯಿ ಮುಚ್ಕೊಂಡಿದ್ನಿ, ಉಸರ ಸುದ್ದಾ ಬಿಟ್ಟಿರಲಿಲ್ಲ. ಕಾಕು ಎರಡೂ ಕೈ ಮ್ಯಾಲೆತ್ತಿ, ಗ್ವಾಡಿ ಆಕಡೆ ಕಾಣಂಗಿಲ್ಲಂತ ಗೊತ್ತಿದ್ದೂ ಎಂಟೂ ಬೆರಳ ಅಗಲಿಸಿ ಹಿಡದು, ಎಳದ್ರು:

"ತಗದೇನ್ರಿ, ಶುರು ಮಾಡ್ರೀ..."

ಗರ್ ಅಂತು. ನಮ್ಮ ರೂಮಿನ ಕಿಡಕಿ ನಡಗಿರಬೇಕು ಅಲ್ಲೆ. ಗುರುಸಿದ್ದಯ್ಯ ಮಾಸ್ತರು ಯಾವ ಮಾಯದಾಗ ಬಂದ್ರೋ, ಡಬ್ಬಿ ಹಿಡದ ನಂದ ಮುಂದ ಐತಿ ಪಾಳಿ ಅಂತ ಜಗಳಕ್ಕ ನಿಂತ್ರು.

ಮುಂದಿನ ತಿಂಗಳ ಭೋಜನಕ್ಕ ಕಾಕಾ ಎದ್ರು, ನಾನೂ ಎದ್ನಿ. ಈಗ ಪ್ರತಿ ಮೊದಲನೇ ಐತವಾರದ ಹಿಂದಿನ ಶನಿವಾರ ಹೋಗ್ತೇನಿ. ಕಾಕಾಗ ಹೇಳಾಕ ಹೊಂಟೇನಿ ಅಂತ ರೂಮಿನ್ಯಾಗ ದೊಡ್ಡಸ್ತಿಕಿ ಬಡಿತೇನಿ. ಅಲ್ಲೆ ಹೋಗಿ ಅವರ ಹೆಸರ ಹಾಕಿ ಹೇಳೂದ್ರಾಗ ನನಗ ತಾಗಿರ್ತೈತಿ. ಯಾಕಂದ್ರ ನಾ ಏನ ಸುಧಾರಿಸಿಲ್ಲ. ಮೊನ್ನೆ ಕೂಟದಾಗ "ನನ್ನಷ್ಟ ತಗ್ಗಿ ನಡಿಯಾಕಿ ಯಾರಿಲ್ಲ" ಅಂತ ಭಾಷಣ ಮಾಡಿ ಬಂದೇನಿ. ಮೂರನೇ ವಾರಕ್ಕ ಮತ್ತ ನುಣ್ಣಗಾಗಿರ್ತೇನಿ, ಉಗುರ ನೋಡ್ಕೋತ ಕುಂತಿರ್ತೇನಿ. ಕಾಕಾಗೂ ಹಂಗ, ಒಳಗಿನ ದನಿ ಸೂಟಿ ತಗೊಳ್ಳಂಗಿಲ್ಲಂತ. ಹಂಗಾಗಿ ಮತ್ತ ಕುಂದರ್ತೇವಿ, ಮತ್ತ ಹೇಳ್ತೇವಿ.

ಅದಕ ಹೇಳ್ತೇನಿ, ನನ್ನ ಬಾಯಿಂದ ಕೇಳಿ ಬಿಡಬ್ಯಾಡ್ರಿ, ನನ್ನ ಬಾಯಿ ಎಂಥಾದ್ದಂತ ಈಗ ಗೊತ್ತಾತಲ್ಲ. ನೀವ ಹೋಗ್ರಿ. ಸಪ್ತಾಪುರದಾಗ ಇಳದು ಹಿಟ್ಟಿನ ವಾಸನಿ ಹಿಡದ ಹಿಂದಿನ ಓಣಿಗಿ ನಡೀರಿ, ಗರ್ ಅನ್ನೂ ಸಪ್ಪಳ ಕೇಳಸ್ತೈತಿ. ಕೈಯಾಗ ಎರಡ ಕಿಲೋ ಜ್ವಾಳ ಇರ್ಲಿ, ಬರಿಗೈಲೆ ಹೋದ್ರ ಕಾಕು ಬೈತಾರ. ಶನಿವಾರ ಹೋದ್ರ ಕಾಕಾ ನಿಮ್ಮನ್ನೂ ಚೀಲದ ಮ್ಯಾಲೆ ಕುಂದ್ರಸ್ತಾರ, ಗೊತ್ತಿದ್ದಷ್ಟ ಹೇಳ್ರಿ, ಅವರ ಹೆಸರ ಮಾತ್ರ ಬಿಡಬ್ಯಾಡ್ರಿ. ಗೊತ್ತಿಲ್ಲಂದ್ರ ಇನ್ನೂ ಛಲೋ, ನಿಮ್ಮ ಹೆಸರ ಹಾಕಿ ಅವರ ಹೇಳ್ತಾರ. ಪಟ್ಟಾದ ಕಡೆ ನಿಂದರಬ್ಯಾಡ್ರಿ. ಮತ್ತ ಗ್ವಾಡಿ ಆಕಡಿಂದ "ಕೈ ತಗದ್ಯಾ?" ಅಂತ ಕೂಗಿದ್ರ ದಯಮಾಡಿ ಸುಮ್ಮನಿರ್ರಿ. ಆ ಉತ್ತರ ರಜನಿ ಕಾಕುಂದು.